ಅಲಾಭ ಪರೀಷಹ ಮತ್ತು ಉದ್ಯಮಿ ಶ್ರಾವಕ



ವಾರ್ಷಿಕ ಮಹೋತ್ಸವದ ಸ್ಮರಣ ಸಂಚಿಕೆ ಕೈಗೆ ಬಂದೊಡನೆ ನಾವೆಲ್ಲರೂ ಮೊದಲು ತೆರೆಯುವ ಪುಟ ಯಾವುದೆಂಬುದು ಗುಟ್ಟಿನ ವಿಷಯವೇನಲ್ಲ. ಪ್ರವಚನದ ಪುಟವನ್ನು ಆಮೇಲೆ ಓದಿದರಾಯಿತೆಂದು ದಾನಿಗಳ ಪಟ್ಟಿಯನ್ನು ತೆರೆಯುತ್ತೇವೆ. ಮೊದಲು ನಮ್ಮ ಹೆಸರು, ಅನಂತರ ನೆಂಟರ ಹೆಸರು, ಅನಂತರ ಅಕ್ಕಪಕ್ಕದ ಅಂಗಡಿಯವರ ಹೆಸರು. ವರ್ಷವರ್ಷವೂ ಇದ್ದ ಹೆಸರೊಂದು ಈ ಸಲ ಕಾಣದಿದ್ದರೆ ಅದು ಇರುವ ಹೆಸರುಗಳಿಗಿಂತ ಬೇಗನೆ ಕಣ್ಣಿಗೆ ಬೀಳುತ್ತದೆ. "ಫ್ಯಾಕ್ಟರಿ ಮುಚ್ಚಿದರಂತೆ" ಎಂಬ ಮಾತು ಊಟದ ಪಂಕ್ತಿಯಲ್ಲಿ ಎಲೆಯಿಂದ ಎಲೆಗೆ ಸಾಗುತ್ತದೆ.

ಕೆಲವು ವರ್ಷಗಳ ಹಿಂದೆ ಹಾಗೆ ಹೆಸರು ಬಿಟ್ಟುಹೋದ ಸಹೋದರರೊಬ್ಬರು ಹೊಸೂರಿನ ಬಸ್ ನಿಲ್ದಾಣದಲ್ಲಿ ನನಗೆ ಸಿಕ್ಕರು. ನಾಲ್ಕು ಯಂತ್ರಗಳನ್ನಿಟ್ಟುಕೊಂಡು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳ ಜಾಬ್ ವರ್ಕ್ ಮಾಡಿಕೊಡುತ್ತಿದ್ದವರು. ಬರಬೇಕಾದ ಹಣ ಬರಲಿಲ್ಲ, ಬ್ಯಾಂಕಿನ ಕಂತು ನಿಲ್ಲಲಿಲ್ಲ, ಯಂತ್ರಗಳು ಹೋದವು. ಬಸದಿಗೆ ಬಂದು ಎಷ್ಟು ದಿನವಾಯಿತೆಂದು ನಾನು ತಿಳಿಯದೆ ಕೇಳಿಬಿಟ್ಟೆ. ಅವರು ಹೇಳಿದ್ದು ಇಷ್ಟೇ: "ಪಂಡಿತರೇ, ಕಲಶದ ಸವಾಲು ನಡೆಯುವಾಗ ನಾನು ಎಲ್ಲಿ ನಿಲ್ಲಲಿ, ನೀವೇ ಹೇಳಿ." ನನ್ನಲ್ಲಿ ಉತ್ತರವಿರಲಿಲ್ಲ. ಬಸ್ಸು ಬಂತು, ಅವರು ಹೋದರು. ಈ ಪ್ರವಚನ ಅಂದು ಕೊಡಲಾಗದ ಉತ್ತರವನ್ನು ಹುಡುಕುವ ಪ್ರಯತ್ನ. ನಮ್ಮಲ್ಲಿ ಮನೆಮಾತು ಕನ್ನಡವಾಗಿರುವವರು, ತಮಿಳು ನೈನಾರ್ ಬಂಧುಗಳು, ಮಾರವಾಡಿ ಮತ್ತು ಗುಜರಾತಿ ಕುಟುಂಬಗಳು ಎಲ್ಲರೂ ಇದ್ದೇವೆ. ಕನ್ನಡ ಓದಬಲ್ಲವರು ಉಳಿದವರಿಗೆ ಇದನ್ನು ಅವರವರ ಭಾಷೆಯಲ್ಲಿ ತಿಳಿಸಬೇಕೆಂದು ಕೋರುತ್ತೇನೆ. ವ್ಯಾಪಾರದ ನಷ್ಟಕ್ಕೆ ಭಾಷಾಭೇದವಿಲ್ಲ.

ಮೊದಲು ಆದಿಭಗವಾನರ ಚರಿತ್ರೆಯನ್ನು ನೆನೆಯೋಣ. ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ದಿಕ್ಕುಗಾಣದಿದ್ದಾಗ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದವರು ವೃಷಭನಾಥರು. ವಾಣಿಜ್ಯವೂ ಶಿಲ್ಪವೂ, ಎಂದರೆ ಇಂದಿನ ಅಂಗಡಿಯೂ ವರ್ಕ್‌ಶಾಪೂ, ಆ ಉಪದೇಶದೊಳಗೇ ಇವೆ. ಉದ್ಯಮವು ಶ್ರಾವಕನಿಗೆ ಹೊರಗಿನಿಂದ ಅಂಟಿಕೊಂಡ ಮಲಿನವೆಂದು ತಿಳಿಯುವವರು ಇದನ್ನು ಗಮನಿಸಬೇಕು.

ಆದರೆ ಜಗತ್ತಿಗೆ ದುಡಿಮೆಯನ್ನು ಕಲಿಸಿದ ಆ ಮಹಾಪುರುಷರೇ ದೀಕ್ಷೆಯ ಅನಂತರ ಏನನ್ನು ಅನುಭವಿಸಿದರು? ಆರು ತಿಂಗಳ ಯೋಗವನ್ನು ಮುಗಿಸಿ ಆಹಾರಕ್ಕಾಗಿ ಹೊರಟಾಗ ಮುನಿಗೆ ಆಹಾರವನ್ನು ನೀಡುವ ವಿಧಿಯನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಜನ ಭಕ್ತಿಯಿಂದಲೇ ಎದುರುಗೊಂಡರು. ಆನೆ ತಂದರು, ಕುದುರೆ ತಂದರು, ರತ್ನ ತಂದರು, ಕನ್ಯೆಯರನ್ನು ಕರೆತಂದರು. ಬೇಕಾಗಿದ್ದ ಒಂದು ಬೊಗಸೆ ಪ್ರಾಸುಕ ಆಹಾರವನ್ನು ಮಾತ್ರ ಯಾರೂ ತರಲಿಲ್ಲ. ಊರಿಂದ ಊರಿಗೆ, ಬಾಗಿಲಿಂದ ಬಾಗಿಲಿಗೆ ಬರಿಗೈಯಲ್ಲಿ ಹಿಂದಿರುಗುತ್ತಾ, ಒಟ್ಟು ವರ್ಷಕ್ಕೂ ಮಿಕ್ಕಿದ ಕಾಲ ನಿರಾಹಾರವಾಗಿ ಕಳೆಯಿತು. ಅವರೊಡನೆ ದೀಕ್ಷೆ ಹಿಡಿದ ನಾಲ್ಕು ಸಾವಿರ ಅರಸರು ಹಸಿವೆಯನ್ನು ತಾಳಲಾರದೆ ಆ ಹೊತ್ತಿಗಾಗಲೇ ದಾರಿ ಬಿಟ್ಟಿದ್ದರು. ಕಾಡಿನ ಹಣ್ಣುಹಂಪಲು, ಗೆಡ್ಡೆಗೆಣಸುಗಳನ್ನು ತಿಂದು ತಮಗೆ ತೋಚಿದ ವೇಷಗಳನ್ನು ಧರಿಸಿದರು. ಭಗವಂತರು ಬೇಡಲಿಲ್ಲ, ಚರ್ಯೆಯನ್ನು ಬದಲಿಸಲಿಲ್ಲ, ಮರುದಿನ ಹೊರಡುವುದನ್ನೂ ನಿಲ್ಲಿಸಲಿಲ್ಲ. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನಿಗೆ ಪೂರ್ವಜನ್ಮದ ಸ್ಮರಣೆಯಿಂದ ದಾನವಿಧಿ ನೆನಪಾಯಿತು. ಅವನು ಕಬ್ಬಿನ ರಸವನ್ನು ನೀಡಿದ. ಆ ದಿನವೇ ಅಕ್ಷಯ ತೃತೀಯ. ವರ್ಷಿತಪವನ್ನು ಆಚರಿಸುವ ಶ್ವೇತಾಂಬರ ಬಂಧುಗಳ ಪಾರಣೆಯೂ ಅಂದೇ ಕಬ್ಬಿನ ರಸದಿಂದ ನಡೆಯುತ್ತದೆ. ಇಂದು ಅದೇ ದಿನ ನಮ್ಮ ಹೆಣ್ಣುಮಕ್ಕಳು ಚಿನ್ನದ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ! ಇರಲಿ, ಅದು ಬೇರೆ ಪ್ರವಚನಕ್ಕೆ ವಸ್ತು.

ಸಾಧುಗಳು ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಒಂದಕ್ಕೆ ಅಲಾಭವೆಂದೇ ಹೆಸರು. ಹೊರಟ ಉದ್ದೇಶ ಕೈಗೂಡದೆ ಹಿಂದಿರುಗಿದಾಗ ಮನಸ್ಸು ಕದಡದಿರುವುದು, ಕೊಡದವರ ಮೇಲೆ ಮುನಿಯದಿರುವುದು, ದೈನ್ಯಕ್ಕೆ ಇಳಿಯದಿರುವುದು ಆ ಪರೀಷಹದ ಜಯ. ಇದು ಮುನಿಗಳಿಗೆ ಹೇಳಿದ ಮಾತು, ಗೃಹಸ್ಥನಿಗೆ ಅದೇ ಮಟ್ಟದಲ್ಲಿ ಅನ್ವಯಿಸದು. ಆದರೂ ಮುನಿಧರ್ಮದ ಪ್ರತಿಯೊಂದು ಅಂಗಕ್ಕೂ ಶ್ರಾವಕಧರ್ಮದಲ್ಲಿ ಒಂದು ಕಿರಿಯ ರೂಪವಿರುತ್ತದೆ. ಬೆಳಿಗ್ಗೆ ಷಟರ್ ಎತ್ತಿ ಸಂಜೆ ಬರಿಗೈಯಲ್ಲಿ ಇಳಿಸುವ ವ್ಯಾಪಾರಿಗೆ ಅಲಾಭ ಪರೀಷಹದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಅಲಾಭಕ್ಕೆ ಕಾರಣ ಅಂತರಾಯ ಕರ್ಮವೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳು ಗೌರವಿಸುವ ಗ್ರಂಥವಾದುದರಿಂದ ಇಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಅಂತರಾಯವು ಐದು ಬಗೆ: ದಾನಾಂತರಾಯ, ಲಾಭಾಂತರಾಯ, ಭೋಗಾಂತರಾಯ, ಉಪಭೋಗಾಂತರಾಯ, ವೀರ್ಯಾಂತರಾಯ. ನಾನು ಒತ್ತಿ ಹೇಳಬೇಕೆಂದಿರುವುದು ಇಲ್ಲಿಯೇ ಇದೆ. ಲಾಭಾಂತರಾಯ ಬೇರೆ, ವೀರ್ಯಾಂತರಾಯ ಬೇರೆ. ಲಾಭವನ್ನು ತಡೆಯುವ ಕರ್ಮ ಉದಯಕ್ಕೆ ಬಂದಾಗ ಆರ್ಡರು ತಪ್ಪುತ್ತದೆ, ಬಾಕಿ ಮುಳುಗುತ್ತದೆ, ಸರಕು ಹಾಳಾಗುತ್ತದೆ. ಅದೇ ಕರ್ಮ ಆತ್ಮದ ವೀರ್ಯವನ್ನು, ಎಂದರೆ ಎದ್ದು ನಿಲ್ಲುವ ಶಕ್ತಿಯನ್ನು, ತಡೆಯಲಾರದು. ಆ ಶಕ್ತಿಯನ್ನು ತಡೆಯುವುದು ಇನ್ನೊಂದು ಕರ್ಮ. ವೀರ್ಯಾಂತರಾಯವಾದರೂ ಪೂರ್ತಿಯಾಗಿ ಮುಚ್ಚಲಾರದು. ನಿಗೋದದ ಜೀವಿಯಲ್ಲಿಯೂ ಅದರ ಕ್ಷಯೋಪಶಮ ಕಿಂಚಿತ್ತಾದರೂ ಇದ್ದೇ ಇರುತ್ತದೆಂದು ಶಾಸ್ತ್ರವಿರುವಾಗ, ಅಂಗಡಿ ಮುಚ್ಚಿದ ಮನುಷ್ಯನಲ್ಲಿ ಅದು ಇಲ್ಲವೆನ್ನಲು ನಾವು ಯಾರು? ನಾವು ಮಾಡುವ ತಪ್ಪೆಂದರೆ ಎರಡನ್ನೂ ಒಂದೇ ಎಂದು ಬಗೆಯುವುದು. ಹಣ ಹೋದವನು ತಾನೇ ಹೋದೆನೆಂದು ತಿಳಿಯುತ್ತಾನೆ. ನೋಡುವವರೂ ಹಾಗೆಯೇ ತಿಳಿಯುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. "ಅವನ ಕರ್ಮ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು. ಕರ್ಮಸಿದ್ಧಾಂತವನ್ನು ತನ್ನನ್ನು ತಿದ್ದಿಕೊಳ್ಳಲು ಬಳಸಬೇಕೇ ಹೊರತು ಪಕ್ಕದವನನ್ನು ತೂಗಲು ಬಳಸತಕ್ಕದ್ದಲ್ಲ.

ಸೋಲಿನ ಮೇಲೆ ಸೋಲನ್ನು ಕಂಡ ವ್ಯಾಪಾರಿಯ ಕಥೆ ನಮ್ಮ ಪುರಾಣಗಳಲ್ಲಿ ಬೇಕಾದರೆ ಚಾರುದತ್ತನ ಕಥೆಗಿಂತ ಮಿಗಿಲಾದುದಿಲ್ಲ. ಶಕವರ್ಷ 705ರಲ್ಲಿ, ಎಂದರೆ ಕ್ರಿ.ಶ. 783ರಲ್ಲಿ, ಪುನ್ನಾಟ ಸಂಘದ ಜಿನಸೇನಾಚಾರ್ಯರು ಪೂರೈಸಿದ ಹರಿವಂಶಪುರಾಣದಲ್ಲಿ ಅದು ವಿಸ್ತಾರವಾಗಿ ಬಂದಿದೆ. (ಆದಿಪುರಾಣವನ್ನು ರಚಿಸಿದ ಜಿನಸೇನರು ಬೇರೆ.) ಚಂಪಾನಗರದ ಶ್ರೇಷ್ಠಿ ಭಾನುದತ್ತನ ಮಗ ಚಾರುದತ್ತ. ಓದಿನಲ್ಲಿ ಮುಳುಗಿದ್ದ ಹುಡುಗ ವೇಶ್ಯಾವ್ಯಸನಕ್ಕೆ ಬಿದ್ದು ಹನ್ನೆರಡು ವರ್ಷಗಳಲ್ಲಿ ಮನೆಯ ಕೋಟಿಗಟ್ಟಲೆ ಸಂಪತ್ತನ್ನು ಕಳೆದ. ಕೊಡಲು ಇನ್ನೇನೂ ಉಳಿಯದಿದ್ದಾಗ ಆ ಮನೆಯವರೇ ಅವನನ್ನು ಹೊರಹಾಕಿದರು. ಈ ಮೊದಲ ಸೋಲು ಅವನ ಸ್ವಂತ ತಪ್ಪು. ಪುರಾಣಕಾರರು ಅದನ್ನು ಮರೆಮಾಚುವುದಿಲ್ಲ.

ಮನೆಗೆ ಬಂದು ನೋಡಿದರೆ ತಂದೆ ಇಲ್ಲ, ತಾಯಿಯೂ ಹೆಂಡತಿಯೂ ಬಡತನದಲ್ಲಿದ್ದಾರೆ. ಹೆಂಡತಿಯ ಒಡವೆಗಳನ್ನು ಬಂಡವಾಳವಾಗಿ ಹಿಡಿದು ಮಾವನೊಡನೆ ಉಶೀರಾವರ್ತಕ್ಕೆ ಹೋಗಿ ಹತ್ತಿ ಕೊಂಡ. ಅದನ್ನು ಮಾರಲು ತಾಮ್ರಲಿಪ್ತಿಗೆ ಸಾಗಿಸುತ್ತಿದ್ದಾಗ ಕಾಡ್ಗಿಚ್ಚು ಹಬ್ಬಿ ಹತ್ತಿಯೆಲ್ಲ ಸುಟ್ಟುಹೋಯಿತು. ಈ ಎರಡನೆಯ ಸೋಲಿನಲ್ಲಿ ಅವನ ತಪ್ಪು ಒಂದಿಷ್ಟೂ ಇಲ್ಲ. ಮುಂದೆ ಸಮುದ್ರವ್ಯಾಪಾರಕ್ಕೆ ಇಳಿದ. ಹಡಗು ಒಡೆಯಿತು. ಮತ್ತೆ ಹೊರಟ, ಮತ್ತೆ ಒಡೆಯಿತು. ಹೀಗೆ ಹಲವು ಸಲ. ಕೋಟಿಗಳನ್ನು ಗಳಿಸಿ ಹಿಂದಿರುಗುವ ಹೊತ್ತಿಗೆ ಹಡಗು ಮತ್ತೊಮ್ಮೆ ಒಡೆದು ಹಲಗೆಯ ತುಂಡೊಂದನ್ನು ಹಿಡಿದು ದಡ ಸೇರಿದ. ಆಗ ಸಿಕ್ಕವನು ಒಬ್ಬ ವೇಷಧಾರಿ ಸಂನ್ಯಾಸಿ. ಲೋಹವನ್ನು ಚಿನ್ನವಾಗಿಸುವ ರಸವಿದೆಯೆಂದು ನಂಬಿಸಿ ಚಾರುದತ್ತನನ್ನು ಆಳವಾದ ಬಾವಿಗೆ ಇಳಿಸಿದ. ರಸ ಮೇಲಕ್ಕೆ ಬಂದೊಡನೆ ಹಗ್ಗ ಕತ್ತರಿಸಿದ. ಹತ್ತಿಯ ಬೆಂಕಿಗೂ ಹಡಗಿನ ಒಡಕಿಗೂ ಹೆದರದವನು ಅವಸರದ ಲಾಭದ ಆಸೆಗೆ ಬಾವಿಗೆ ಬಿದ್ದ! ಹಣ ದುಪ್ಪಟ್ಟು ಮಾಡಿಕೊಡುತ್ತೇವೆನ್ನುವ ಚೀಟಿಗಳು, ಯೋಜನೆಗಳು, ಮೊಬೈಲಿನಲ್ಲಿ ಬರುವ ಆಮಿಷಗಳು ಸೋತವನ ಬಾಗಿಲನ್ನೇ ಮೊದಲು ತಟ್ಟುವುದು ಏಕೆಂದು ಈ ಭಾಗವನ್ನು ಓದಿದವರಿಗೆ ತಿಳಿಯುತ್ತದೆ.

ಆ ಬಾವಿಯಲ್ಲಿ ಅವನಿಗಿಂತ ಮೊದಲೇ ವಂಚನೆಗೊಳಗಾದ ಇನ್ನೊಬ್ಬನಿದ್ದ. ರಸ ಕುಡಿಯಲು ಬರುವ ಉಡದ ಬಾಲವನ್ನು ಹಿಡಿದರೆ ಹೊರಹೋಗಬಹುದೆಂದು ಅವನೇ ಉಪಾಯ ಹೇಳಿದ. ಹಾಗೆಯೇ ಚಾರುದತ್ತ ಹೊರಬಂದ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದು. ಮೇಲಿನಿಂದ ಬುದ್ಧಿ ಹೇಳಿದವರು ಯಾರೂ ಇರಲಿಲ್ಲ. ದಾರಿ ತೋರಿದವನು ಅದೇ ಬಾವಿಯಲ್ಲಿ ಬಿದ್ದಿದ್ದವನು.

ಮುಂದೆ ರುದ್ರದತ್ತನೆಂಬ ಬಂಧುವಿನೊಡನೆ ರತ್ನದ್ವೀಪಕ್ಕೆ ಹೋಗುವ ಪ್ರಸಂಗ. ಆಡುಗಳನ್ನು ಕೊಂದು ಚರ್ಮದೊಳಗೆ ಹೊಕ್ಕು ಕುಳಿತರೆ ಭೇರುಂಡ ಪಕ್ಷಿಗಳು ಮಾಂಸವೆಂದು ಎತ್ತಿಕೊಂಡು ದ್ವೀಪಕ್ಕೆ ಒಯ್ಯುತ್ತವೆ ಎಂಬುದು ರುದ್ರದತ್ತನ ಉಪಾಯ. ಚಾರುದತ್ತ ಒಪ್ಪಲಿಲ್ಲ, ತಡೆಯಲು ಪ್ರಯತ್ನಿಸಿದ, ಆಗಲಿಲ್ಲ. ಸಾಯುತ್ತಿರುವ ಆಡಿಗೆ ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದ. ದ್ವೀಪದಲ್ಲಿ ಅಮಿತಗತಿ ಮುನಿಗಳ ದರ್ಶನವಾಯಿತು. ಹಿಂದೊಮ್ಮೆ ವಿದ್ಯಾಧರನಾಗಿದ್ದ ಅವರನ್ನು ಶತ್ರುಗಳು ಮರಕ್ಕೆ ಕೀಲಿಸಿದ್ದಾಗ ಬಿಡಿಸಿದವನು ಬಾಲಕ ಚಾರುದತ್ತನೇ. ಅಲ್ಲಿಗೆ ದೇವನೊಬ್ಬ ಬಂದು ಮುನಿಗಿಂತ ಮೊದಲು ಚಾರುದತ್ತನಿಗೆ ನಮಸ್ಕರಿಸಿದ. ಅವನು ಆ ಆಡಿನ ಜೀವ. ತನಗೆ ಮಂತ್ರ ಕೊಟ್ಟ ಗುರು ಇವನೆಂದ. ಚಾರುದತ್ತ ಸಂಪತ್ತಿನೊಡನೆ ಚಂಪೆಗೆ ಹಿಂದಿರುಗಿ, ಅಣುವ್ರತಧಾರಿಯಾಗಿ, ತನ್ನ ಕಥೆಯನ್ನೆಲ್ಲ ವಸುದೇವನಿಗೆ ತಾನೇ ಹೇಳಿದ. ವ್ಯಸನದ ಕಥೆಯನ್ನೂ ಬಾವಿಯ ಕಥೆಯನ್ನೂ ಬಿಡಲಿಲ್ಲ. ಗೆದ್ದವರು ಸಭೆಯಲ್ಲಿ ಗೆಲುವನ್ನಷ್ಟೇ ಹೇಳುತ್ತಾರೆ. ನಮ್ಮ ಸಮಾಜದ ಯಶಸ್ವೀ ಉದ್ಯಮಿಗಳು ಚಾರುದತ್ತನ ಈ ಧೈರ್ಯವನ್ನು ಅನುಸರಿಸಿ ವೇದಿಕೆಯ ಮೇಲೆ ತಮ್ಮ ಹಳೆಯ ಸೋಲುಗಳನ್ನು ಹೇಳಿದರೆ ಕೆಳಗೆ ಕುಳಿತ ಹುಡುಗರಿಗೆ ಎಷ್ಟು ಉಪಕಾರವಾದೀತು!

ತಮಿಳು ಬಂಧುಗಳಿಗೆ ಈ ಕಥೆಯನ್ನು ಕೇಳಿದೊಡನೆ ಕೋವಲನು ನೆನಪಾಗುತ್ತಾನೆ. ಇಳಂಗೋ ಅಡಿಗಳ ಶಿಲಪ್ಪದಿಕಾರದಲ್ಲಿಯೂ ಸಂಪತ್ತನ್ನು ಕಳೆದ ವರ್ತಕ ಹೆಂಡತಿಯ ಕಾಲಂದುಗೆಯನ್ನು ಬಂಡವಾಳವಾಗಿ ಹಿಡಿದು ಮಧುರೆಗೆ ಹೊಸ ಬಾಳನ್ನು ಹುಡುಕಿ ಹೋಗುತ್ತಾನೆ. ಅವನಿಗೆ ಚಾರುದತ್ತನ ಭಾಗ್ಯ ಒದಗಲಿಲ್ಲ, ನಿರಪರಾಧಿಯಾಗಿ ಪ್ರಾಣ ತೆತ್ತ. ಎದ್ದು ನಿಂತವರೆಲ್ಲ ಗೆಲ್ಲುತ್ತಾರೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ಆ ದಂಪತಿಗಳೊಡನೆ ಮಧುರೆಯವರೆಗೆ ನಡೆದುಬಂದ ಜೈನ ಸಾಧ್ವಿ ಕವುಂದಿ ಅಡಿಗಳನ್ನು ಮರೆಯಬಾರದು. ಸೋತವರೊಡನೆ ನಡೆಯುವುದೂ ಧರ್ಮವೆಂದು ಆ ತಾಯಿ ತೋರಿಸಿದ್ದಾರೆ.

ಪುರಾಣದ ಹಡಗುಗಳು ದೂರದವೆನಿಸಿದರೆ ಹತ್ತಿರದ ಹಡಗೊಂದನ್ನು ನೋಡೋಣ. ಸೋಲಾಪುರದಲ್ಲಿ ನೆಲಸಿದ್ದ ಗುಜರಾತಿ ಮೂಲದ ದಿಗಂಬರ ಜೈನ ಕುಟುಂಬದಲ್ಲಿ 1882ರಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದರು ಮನೆತನದ ವ್ಯಾಪಾರವನ್ನು ಬಿಟ್ಟು ರೈಲ್ವೆ ಗುತ್ತಿಗೆದಾರರಾದವರು. 1919ರಲ್ಲಿ ನರೋತ್ತಮ ಮುರಾರ್ಜಿ ಮೊದಲಾದವರೊಡನೆ ಸೇರಿ ಸಿಂಧಿಯಾ ಹಡಗು ಕಂಪನಿಯನ್ನು ಸ್ಥಾಪಿಸಿದರು. ಗ್ವಾಲಿಯರ್ ಮಹಾರಾಜರಿಂದ ಕೊಂಡ ಲಾಯಲ್ಟಿ ಎಂಬ ಹಳೆಯ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಿತು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ಆದರೆ ಆ ಹಡಗಿನ ಮುಂದಿನ ಗತಿಯನ್ನು ಆಚರಿಸುವವರಿಲ್ಲ. ಬಲಿಷ್ಠ ಬ್ರಿಟಿಷ್ ಹಡಗು ಕಂಪನಿಗಳು ಬಾಡಿಗೆಯನ್ನು ಇಳಿಸಿ ಪೈಪೋಟಿಗೆ ನಿಂತವು. 1923ರಲ್ಲಿ ಲಾಯಲ್ಟಿ ಗುಜರಿಗೆ ಹೋಯಿತು. ಅದೇ ವರ್ಷ ಕಂಪನಿ ಉಳಿಯಬೇಕಾದರೆ ಹಡಗುಗಳ ಪ್ರಮಾಣಕ್ಕೆ ಮಿತಿ ಹಾಕುವ ಹತ್ತು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಕೈಕಟ್ಟಿಸಿಕೊಂಡ ಒಪ್ಪಂದವೇ ಸರಿ, ಆದರೆ ಕಂಪನಿ ಉಳಿಯಿತು.

1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ, ನಮ್ಮ ಹೊಸೂರಿನಿಂದ ನಲವತ್ತು ಕಿಲೋಮೀಟರಿನಷ್ಟು ದೂರದಲ್ಲಿ, ಮೈಸೂರು ಸಂಸ್ಥಾನದ ಸಹಭಾಗಿತ್ವದೊಡನೆ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದವರೂ ಇದೇ ವಾಲ್‌ಚಂದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ನೆರವಾದರು. ಮರುವರ್ಷವೇ ಮೊದಲ ತರಬೇತಿ ವಿಮಾನ ಹಾರಿತು. 1942ರಲ್ಲಿ ಯುದ್ಧದ ಕಾರಣದಿಂದ ಸರ್ಕಾರ ಅವರ ಪಾಲನ್ನು ಕೊಂಡು ಆಡಳಿತವನ್ನು ವಹಿಸಿಕೊಂಡಿತು. ಹುಟ್ಟುಹಾಕಿದ ಕಾರ್ಖಾನೆ ಎರಡು ವರ್ಷ ತುಂಬುವ ಮೊದಲೇ ಅವರ ಕೈಬಿಟ್ಟಿತು. ಹಡಗು ಕಟ್ಟುವ ಕಾರ್ಖಾನೆಗೆ 1941ರ ಜೂನ್ 21ರಂದು ವಿಶಾಖಪಟ್ಟಣದಲ್ಲಿ ಬಾಬು ರಾಜೇಂದ್ರಪ್ರಸಾದರಿಂದ ಅಡಿಗಲ್ಲು ಹಾಕಿಸಿದರು. ಅಲ್ಲಿ ಕಟ್ಟಿದ ಮೊದಲ ಹಡಗು ಜಲ ಉಷಾ ನೀರಿಗಿಳಿದದ್ದು 1948ರ ಮಾರ್ಚ್ 14ರಂದು. ಏಳು ವರ್ಷ ಬೇಕಾಯಿತು. ಅಷ್ಟರ ನಡುವೆ 1944ರಲ್ಲಿ ಮೋಟಾರು ಕಾರಿನ ಕಂಪನಿಯನ್ನೂ ಆರಂಭಿಸಿದರು. 1953ರಲ್ಲಿ ತೀರಿಕೊಳ್ಳುವ ಮೊದಲು ಕಾಯಿಲೆಯಿಂದ ಎಲ್ಲವನ್ನೂ ಬಿಟ್ಟು ನಿವೃತ್ತರಾಗಿದ್ದರು.

ಯುದ್ಧಕಾಲದ ವಿಮಾನ ಕಾರ್ಖಾನೆಯನ್ನು ಅಹಿಂಸಾಧರ್ಮದ ಪ್ರವಚನದಲ್ಲಿ ನೆನೆಯುವುದು ಸರಿಯೇ ಎಂದು ಕೇಳುವವರು ಇರಬಹುದು. ಪ್ರಶ್ನೆ ನ್ಯಾಯವಾದುದೇ. ನಾನು ಅವರ ಉದ್ಯಮದ ವಸ್ತುವನ್ನು ಹೊಗಳುತ್ತಿಲ್ಲ, ಅವರಿಗೆ ಬಂದ ಅಲಾಭಗಳನ್ನು ಅವರು ಹೊತ್ತ ಬಗೆಯನ್ನು ನೋಡುತ್ತಿದ್ದೇನೆ. ಇನ್ನೂ ಒಂದು ಮಾತು. ವಾಲ್‌ಚಂದರಿಗೆ ದೊಡ್ಡ ಬಂಡವಾಳವಿತ್ತು, ಸಂಸ್ಥಾನಗಳ ಸ್ನೇಹವಿತ್ತು. ನಾಲ್ಕು ಯಂತ್ರಗಳವನಿಗೆ ಅವು ಇಲ್ಲ. ದೊಡ್ಡವರ ಉದಾಹರಣೆಯನ್ನು ತೋರಿಸಿ ಚಿಕ್ಕವರನ್ನು ನಾಚಿಸುವ ಉಪದೇಶ ನನಗೆ ಹಿಡಿಸದು. ಬೆಂಗಳೂರಿನ ಯಂತ್ರಕೌಶಲಕ್ಕೆ ಆ ವಿಮಾನ ಕಾರ್ಖಾನೆಯೂ ಒಂದು ಬೇರು, ಆ ಕೌಶಲದ ನೆರಳಿನಲ್ಲಿಯೇ 1970ರ ದಶಕದಿಂದ ಹೊಸೂರಿನ ಸಿಪ್‌ಕಾಟ್ ಬೆಳೆಯಿತು. ಅವರು ಕಳೆದುಕೊಂಡದ್ದು ವ್ಯರ್ಥವಾಗಲಿಲ್ಲವೆಂದು ಹೇಳಬೇಕೆನಿಸಿತು, ಹೇಳಿದೆ.

ಈಗ ಕಠಿನವಾದ ಭಾಗಕ್ಕೆ ಬರುತ್ತೇನೆ. ಸೋಲುವ ಹೊತ್ತಿನಲ್ಲಿ ಬಿಡದೆ ಮುಂದುವರಿಯಬೇಕೆಂಬ ಛಲವೇ ಮನುಷ್ಯನನ್ನು ಪಾಪಕ್ಕೆ ಎಳೆಯುತ್ತದೆ. ಲಾಭದಲ್ಲಿರುವವನಿಗೆ ಸತ್ಯಾಣುವ್ರತ, ಅಚೌರ್ಯಾಣುವ್ರತಗಳು ಅಷ್ಟೇನೂ ಭಾರವಲ್ಲ. ನಷ್ಟದಲ್ಲಿರುವವನಿಗೆ ಅವುಗಳ ಅತಿಚಾರಗಳು ಒಂದೊಂದಾಗಿ ಪರಿಹಾರದ ವೇಷದಲ್ಲಿ ಬಂದು ನಿಲ್ಲುತ್ತವೆ. ಬ್ಯಾಂಕಿಗೆ ತೋರಿಸಲು ಬೇರೆ ಲೆಕ್ಕ ಬರೆಯುವುದು, ಸರಕು ಸಾಗದೆ ಜಿಎಸ್‌ಟಿ ಬಿಲ್ಲನ್ನು ಮಾತ್ರ ಸಾಗಿಸುವುದು ಕೂಟಲೇಖಕ್ರಿಯೆ. ನಂಬಿ ಹಣ ಇಟ್ಟವರಿಗೆ ಇಟ್ಟದ್ದು ಅಷ್ಟಲ್ಲವೆನ್ನುವುದು, ಕಾರ್ಮಿಕರ ಪಿಎಫ್ ಹಣವನ್ನು ಹಿಡಿದು ಕಟ್ಟದೆ ಬಳಸಿಕೊಳ್ಳುವುದು ನ್ಯಾಸಾಪಹಾರದ ಸಾಲಿಗೆ ಸೇರುತ್ತದೆ. ತೂಕದಲ್ಲಿ ಕಡಿಮೆ ಮಾಡುವುದು ಹೀನಾಧಿಕಮಾನೋನ್ಮಾನ. ಹೇಳಿದ ದರ್ಜೆಯ ಉಕ್ಕಿನ ಬದಲು ಅಗ್ಗದ ಉಕ್ಕನ್ನು ಹಾಕಿ ಪರೀಕ್ಷಾ ಪ್ರಮಾಣಪತ್ರವನ್ನು ಹೊಂದಿಸುವುದು, ಮಾವಿನ ತಿರುಳಿಗೆ ಬೇರೆಯದನ್ನು ಬೆರೆಸುವುದು ಪ್ರತಿರೂಪಕ ವ್ಯವಹಾರ. ಇವುಗಳನ್ನು ಆಚಾರ್ಯರು ಸಾವಿರಾರು ವರ್ಷಗಳ ಹಿಂದೆ ಹೆಸರಿಟ್ಟು ಗುರುತಿಸಿರುವುದನ್ನು ಕಂಡರೆ ಅವರು ಪೇಟೆಯನ್ನು ಎಷ್ಟು ಹತ್ತಿರದಿಂದ ಬಲ್ಲವರಾಗಿದ್ದರೆಂದು ಆಶ್ಚರ್ಯವಾಗುತ್ತದೆ.

ಆದುದರಿಂದ ಉದ್ಯಮದಲ್ಲಿ ಹಿಮ್ಮೆಟ್ಟದಿರುವುದು ಎಂದರೆ ಅದೇ ಅಂಗಡಿಯನ್ನು ಹೇಗಾದರೂ ತೆರೆದಿಡುವುದೆಂದು ಅರ್ಥವಲ್ಲ. ವೃಷಭನಾಥರು ಉಳಿಸಿಕೊಂಡದ್ದು ಚರ್ಯೆಯನ್ನು. ಅವರ ಜೊತೆಗಾರರು ಬಿಟ್ಟದ್ದೂ ಅದನ್ನೇ. ಯಂತ್ರ ಮಾರಿ, ಕಾರ್ಮಿಕರ ಸಂಬಳ ತೀರಿಸಿ, ಸಾಲಗಾರರ ಮುಂದೆ ನಿಜವಾದ ಲೆಕ್ಕ ಇಟ್ಟು, ಇಷ್ಟು ಈಗ ಕೊಡಬಲ್ಲೆ, ಇಷ್ಟಕ್ಕೆ ಸಮಯ ಬೇಕು ಎಂದು ಹೇಳಿ ಬಾಗಿಲು ಮುಚ್ಚಿದವನು ನನ್ನ ದೃಷ್ಟಿಯಲ್ಲಿ ಸೋತವನಲ್ಲ. ಅವನಿಗೆ ಆದದ್ದು ಲಾಭಾಂತರಾಯ ಮಾತ್ರ. ಇನ್ನೊಬ್ಬರ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಮನೆ ನಡೆಸಿದರೂ ಅದು ಪುರುಷಾರ್ಥವೇ. ಪ್ರಾಣವನ್ನು ಕಳೆದುಕೊಳ್ಳುವ ಯೋಚನೆ ಬಂದವರಿಗೆ ನಾನು ಕೈಮುಗಿದು ಹೇಳುತ್ತೇನೆ: ಸಾಲ ತೀರಿಸಲು ಸಮಯವನ್ನು ಎಷ್ಟು ಸಲ ಬೇಕಾದರೂ ಕೇಳಬಹುದು, ಮಾನವಜನ್ಮವನ್ನು ಮತ್ತೆ ಕೇಳಿ ಪಡೆಯಲಾಗದು. ಆ ರಾತ್ರಿ ಮನೆಯವರನ್ನು ಎಬ್ಬಿಸಿ, ಗೆಳೆಯರನ್ನು ಕರೆಯಿರಿ, ನಮ್ಮಲ್ಲಿ ಯಾರ ಬಾಗಿಲನ್ನಾದರೂ ತಟ್ಟಿ.

ಅಂತರಾಯ ಕರ್ಮ ಹೇಗೆ ಕಟ್ಟುತ್ತದೆಂಬುದನ್ನೂ ಅದೇ ಗ್ರಂಥ ತಿಳಿಸುತ್ತದೆ. ಇನ್ನೊಬ್ಬರ ದಾನಕ್ಕೆ, ಲಾಭಕ್ಕೆ, ಶಕ್ತಿಗೆ ವಿಘ್ನ ಮಾಡುವುದರಿಂದ. ಇದು ನಮ್ಮ ನಡುವಿನ ದೊಡ್ಡ ವ್ಯಾಪಾರಿಗಳು ಕೇಳಬೇಕಾದ ಮಾತು. ಸಣ್ಣವನಿಂದ ಸರಕನ್ನು ತರಿಸಿಕೊಂಡು ಇಂದು ನಾಳೆ ಎಂದು ಆರು ತಿಂಗಳು ಹಣ ತಡೆಹಿಡಿಯುವವನು ಬಡ್ಡಿ ಉಳಿಯಿತೆಂದು ಹಿಗ್ಗುತ್ತಾನೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಅಂಥ ಹಣವನ್ನು ಹೆಚ್ಚೆಂದರೆ 45 ದಿನಗಳೊಳಗೆ ಕೊಡಬೇಕೆನ್ನುತ್ತದೆ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾಯ್ದೆಯ ಬಡ್ಡಿಯಿಂದ ತಪ್ಪಿಸಿಕೊಳ್ಳಬಹುದು, ಸಣ್ಣವನು ಆರ್ಡರು ತಪ್ಪೀತೆಂಬ ಭಯದಿಂದ ದೂರು ಕೊಡಲಾರ. ಕರ್ಮದ ಲೆಕ್ಕಕ್ಕೆ ಯಾರ ದೂರೂ ಬೇಕಾಗಿಲ್ಲ. ಬಾಕಿ ಉಳಿಸಿಕೊಂಡ ಹಣದಿಂದ ಬಸದಿಗೆ ಕಾಣಿಕೆ ಕೊಡುವವರು ಮೊದಲು ಬಾಕಿ ತೀರಿಸಿ ಆಮೇಲೆ ಬರಬೇಕೆಂದು ಹೇಳಲು ನನಗೆ ಸಂಕೋಚವಿಲ್ಲ. ಟ್ರಸ್ಟಿನ ಹಿರಿಯರು ಕ್ಷಮಿಸಬೇಕು.

ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ವಿವರಿಸುತ್ತದೆ. ಅವುಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಈ ಮೂರು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು. ಉಪಗೂಹನಕ್ಕೆ ಉದಾಹರಣೆಯಾದ ಜಿನೇಂದ್ರಭಕ್ತನೂ ಒಬ್ಬ ಶ್ರೇಷ್ಠಿ, ಊರು ಅದೇ ತಾಮ್ರಲಿಪ್ತಿ. ತನ್ನ ಮನೆಯ ಚೈತ್ಯಾಲಯದ ವೈಡೂರ್ಯಮಣಿಯನ್ನು ಕದ್ದ ವೇಷಧಾರಿಯನ್ನು ಕಾವಲುಗಾರರಿಂದ ಬಿಡಿಸಿ, ಧರ್ಮಕ್ಕೆ ಅಪವಾದ ಬಾರದಂತೆ ನೋಡಿಕೊಂಡು, ಏಕಾಂತದಲ್ಲಿ ಗದರಿ ಕಳುಹಿಸಿದ. ವಂಚನೆಯನ್ನು ಮುಚ್ಚಿಡಿ ಎಂಬುದು ಇದರ ತಾತ್ಪರ್ಯವೆಂದು ಯಾರೂ ತಿಳಿಯಬಾರದು, ವಂಚಕನಿಗೆ ಅಲ್ಲಿ ಇನ್ನೊಮ್ಮೆ ಜಾಗ ಸಿಗಲಿಲ್ಲ. ಕಳ್ಳನ ತಪ್ಪನ್ನೇ ಬೀದಿಯಲ್ಲಿ ಆಡಿಕೊಳ್ಳದವನ ಪರಂಪರೆಯವರಾದ ನಾವು ತಪ್ಪಿಲ್ಲದೆ ಸೋತವನ ಸಾಲದ ಮೊತ್ತವನ್ನು ಪಂಕ್ತಿಯಲ್ಲಿ ಆಡಿಕೊಳ್ಳುತ್ತೇವಲ್ಲ! ಸ್ಥಿತಿಕರಣವೆಂದರೆ ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು. ಜಾರಿ ಬಿದ್ದ ಮೇಲೆ ಮರುಗುವುದಕ್ಕೆ ಶಾಸ್ತ್ರದಲ್ಲಿ ಬೇರೆ ಹೆಸರಿಲ್ಲ.

ಈ ನೆಲದಲ್ಲಿ ವರ್ತಕರಿಗೂ ಬಸದಿಗೂ ಇರುವ ನಂಟು ಹಳೆಯದು. 2004ರವರೆಗೆ ನಮ್ಮ ಕೃಷ್ಣಗಿರಿ ಸೇರಿದ್ದ ಧರ್ಮಪುರಿ ಜಿಲ್ಲೆಯ ಕೇಂದ್ರವೇ ಹಿಂದಿನ ತಗಡೂರು. ನೊಳಂಬ ಮಹೇಂದ್ರನ ಕಾಲದ, ಶಕವರ್ಷ 815ರ ಕನ್ನಡ ಶಾಸನವೊಂದು ಅಲ್ಲಿ ದೊರೆತಿದೆ. ಸೆಟ್ಟಿಯೊಬ್ಬನ ಮಕ್ಕಳಾದ ನಿಧಿಯಣ್ಣ, ಚಂಡಿಯಣ್ಣರೆಂಬ ಸಹೋದರರು ತಗಡೂರಿನಲ್ಲಿ ಬಸದಿಯನ್ನು ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಅವರ ಬಸದಿ ನಿಂತಿಲ್ಲ, ಹೆಸರು ನಿಂತಿದೆ. ಅದನ್ನು ಓದಿದಾಗಲೆಲ್ಲ ನನಗೆ ಆ ಕಾಲದಲ್ಲಿ ಕಟ್ಟಿಸಲಾಗದೆ ಹೋದ ಮೂರನೆಯ ಸೆಟ್ಟಿಯೊಬ್ಬ ಇದ್ದಿರಬಹುದು, ಅವನು ಆ ಬಸದಿಯ ಯಾವ ಮೂಲೆಯಲ್ಲಿ ನಿಲ್ಲುತ್ತಿದ್ದನೋ ಎನಿಸುತ್ತದೆ.

ಮತ್ತೆ ಆದಿನಾಥರ ಆಹಾರದ ಪ್ರಸಂಗವನ್ನೇ ನೋಡಿ. ಅವರ ಅಲಾಭ ಮುಗಿದದ್ದು ಕೊಡಬಲ್ಲವನೊಬ್ಬನಿಗೆ ಕೊಡುವ ಬಗೆ ತಿಳಿದಾಗ. ಸೋತವನ ಮನೆಗೆ ನಾವೂ ಆನೆ, ಕುದುರೆ, ರತ್ನಗಳನ್ನೇ ಒಯ್ಯುತ್ತೇವೆ: ಉಪದೇಶ, ಸಂತಾಪ, ಜ್ಯೋತಿಷಿಯ ವಿಳಾಸ. ಅವನಿಗೆ ಬೇಕಾಗಿರುವುದು ಬ್ಯಾಂಕಿಗೆ ಜೊತೆಯಲ್ಲಿ ಬರುವ ಒಬ್ಬ ಲೆಕ್ಕಪರಿಶೋಧಕ, ಮೂರು ತಿಂಗಳು ಮಕ್ಕಳ ಶಾಲೆಯ ಶುಲ್ಕ, ಖಾಲಿ ಬಿದ್ದಿರುವ ಶೆಡ್ಡಿನಲ್ಲಿ ಒಂದು ಯಂತ್ರಕ್ಕೆ ಜಾಗ, ಅಥವಾ ಹಳೆಯ ಬಾಕಿ. ನಮ್ಮಲ್ಲಿ ಲೆಕ್ಕಪರಿಶೋಧಕರಿದ್ದಾರೆ, ವಕೀಲರಿದ್ದಾರೆ, ಶೆಡ್ಡುಗಳ ಒಡೆಯರಿದ್ದಾರೆ. ಅದೇ ಬಾವಿಯಲ್ಲಿ ಬಿದ್ದು ಎದ್ದುಬಂದವರೂ ಇದ್ದಾರೆ, ಅವರು ಮಾತನಾಡುವುದಿಲ್ಲ ಅಷ್ಟೆ. ತಿಂಗಳಿಗೊಂದು ಭಾನುವಾರ ಪೂಜೆಯ ಅನಂತರ ಅವರು ಬಸದಿಯ ಜಗಲಿಯಲ್ಲಿ ಕುಳಿತರೆ, ಕೇಳಬೇಕಾದವರು ಬಂದು ಕೇಳಬಹುದು. ಹೆಸರು ಬರೆದುಕೊಳ್ಳುವುದು ಬೇಡ.

ಕಲಶದ ಸವಾಲಿನ ವಿಷಯದಲ್ಲಿ, ಮಾರವಾಡಿ ಬಂಧುಗಳ ಮಾತಿನಲ್ಲಿ ಬೋಲಿಯ ವಿಷಯದಲ್ಲಿ, ಟ್ರಸ್ಟಿನ ಹಿರಿಯರಲ್ಲಿ ನನ್ನದೊಂದು ಬಿನ್ನಹವಿದೆ. ಸವಾಲಿನಿಂದ ಬಸದಿಯ ಖರ್ಚು ನಡೆಯುತ್ತದೆ, ಅದನ್ನು ನಿಲ್ಲಿಸಿರೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಈ ವರ್ಷದ ಮಹಾಭಿಷೇಕದಲ್ಲಿ ಒಂದು ಕಲಶವನ್ನು ಮಾತ್ರ ಸವಾಲಿಗೆ ಇಡದೆ ಬೇರೆಯಾಗಿ ಎತ್ತಿಡಿ. ಅದು ಯಾರಿಗೆಂದು ಧ್ವನಿವರ್ಧಕದಲ್ಲಿ ಹೇಳಬೇಡಿ, ಸಂಚಿಕೆಯಲ್ಲಿ ಅಚ್ಚು ಮಾಡಬೇಡಿ. ಬಸ್ ನಿಲ್ದಾಣದಲ್ಲಿ ಸಿಕ್ಕ ಆ ಸಹೋದರರ ಮನೆಗೆ ಹಿಂದಿನ ದಿನ ನಾನೇ ಹೋಗಿ, ಅವರ ಮನೆಯವರನ್ನೂ ಕರೆದು, ಎಲ್ಲಿ ನಿಲ್ಲಬೇಕೆಂದು ಹೇಳಿ ಬರುತ್ತೇನೆ.

ಜೈ ಜಿನೇಂದ್ರ.